ಚಿಕ್ಕ ಮಿಸ್

"ಆ ಅನ್ನಿ," ಎಂದರು ಗಂಟಲಿನ ಡಾಕ್ಟರು.

ಟೀಚರು ಬಾಯಿ ತೆರೆದಳು. ಗಾಳಿ ಬಂತು, ಸದ್ದು ಬರಲಿಲ್ಲ. ಆಪರೇಷನ್ ಆದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದವಳು. ಈಗ ತೆಗೆ ಅಂದರೆ ಕೀಲಿ ಎಲ್ಲಿಟ್ಟಿದ್ದೆ ಅನ್ನುವುದೇ ಮರೆತುಹೋದ ಹಾಗಿತ್ತು. ಎಡಗೈ ಪಕ್ಕದ ಕುರ್ಚಿಯ ಮೇಲಿದ್ದ ಚೀಲದ ಜಿಪ್ಪನ್ನು ಎಳೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಚೀಲದ ಬಾಯಿಂದ ಶಾಲೆಯ ಪುಟ್ಟ ರೋಬೋದ ಬಿಳಿ ದುಂಡು ತಲೆ ಇಣುಕುತ್ತಿತ್ತು.

"ಜಿಪ್ಪು ಕಿತ್ತುಹೋಗತ್ತೆ ಟೀಚರ್. ಹೆದರ್ಕೋಬೇಡಿ. ಮೆಲ್ಲಗೆ, ಆ."

"ಆ," ಅಂದಳು.

ಕೋಣೆಯಲ್ಲಿ ಇನ್ಯಾರೋ ಇದ್ದಾರೆ ಅನ್ನಿಸಿತು. ದಪ್ಪ ಧ್ವನಿ, ಅಂಚಿನಲ್ಲಿ ಒಡಕು, ತಳದಲ್ಲಿ ಒಂದಿಷ್ಟು ಮರಳು. ಹೆಂಗಸಿನದು ಹೌದು, ತನ್ನದಂತೂ ಅಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಈ ಧ್ವನಿ ಕೇಳಿಬಂದಿದ್ದರೆ, ಪಾಪ ಯಾರಿಗೋ ನೆಗಡಿ ಅಂದುಕೊಂಡು ಸುಮ್ಮನಾಗುತ್ತಿದ್ದಳು.

"ಚೆನ್ನಾಗಿದೆ," ಅಂದರು ಡಾಕ್ಟರು. ಡಾಕ್ಟರುಗಳಿಗೆ ಚೆನ್ನಾಗಿರುವುದೆಂದರೆ ರಕ್ತ ಬರದೆ ಇರುವುದು. "ನಾನು ಮೊದಲೇ ಹೇಳಿದ್ದೆ. ಹಳೇ ಧ್ವನಿ ವಾಪಸ್ ಬರಲ್ಲ. ಇದು ಇನ್ನೊಂಚೂರು ತಿಳಿಯಾಗ್ಬಹುದು, ಆದ್ರೆ ಇನ್ಮೇಲೆ ಇದೇ ನಿಮ್ಮದು. ಇವತ್ತಿಂದ ಮಾತಾಡಿ, ಸ್ವಲ್ಪ ಸ್ವಲ್ಪ. ಕಿರುಚೋದು ಬೇಡ, ಪಿಸುಗುಟ್ಟೋದೂ ಬೇಡ."

ಅವಳು ತಲೆಯಾಡಿಸಿದಳು.

"ತಲೆ ಅಲ್ಲ, ಬಾಯಲ್ಲಿ ಹೇಳಿ."

ಅವಳು ನಕ್ಕು ಮತ್ತೆ ತಲೆಯನ್ನೇ ಆಡಿಸಿದಳು. ಡಾಕ್ಟರು ಚೀಲದ ಕಡೆ ಕೈ ತೋರಿಸಿದರು. "ಇವಳಿಗೂ ಇನ್ನು ರಜ ಕೊಡಿ. ಆಮೇಲೆ, ಮನೇಲಿ ಸ್ವಲ್ಪ ಹೇಳಿಟ್ಟಿರಿ. ಒಂದೇ ಸಲ ಕೇಳಿದ್ರೆ ಅವರಿಗೂ ಗಾಬರಿ ಆಗತ್ತೆ."

ಅದೇ ಆಗದೆ ಇದ್ದದ್ದು. ಮನೆಯಲ್ಲಿ ಹೇಳಿರಲಿಲ್ಲ. ಮನೆ ಎಂದರೆ ಒಬ್ಬ ಗಂಡ. ಅವನು ಇದೇ ಆಸ್ಪತ್ರೆಯ ಕೆಳಗಡೆ, ಮುಂಬಾಗಿಲ ಪಕ್ಕದ ಗಾಜಿನ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುವ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೇ ಕಣ್ಣಿಲ್ಲ. ಆಸ್ಪತ್ರೆಯ ಅಷ್ಟೂ ಜನ ಅವನಿಗೆ ಕಿವಿಯಲ್ಲೇ ಪರಿಚಯ. ಹೊಸಬರು ಯಾರು ಸೇರಿಕೊಂಡರೂ ಮೊದಲ ಕರೆಯಲ್ಲೇ "ಇನ್ನೊಂದ್ಸಲ ಹೇಳಿ" ಅನ್ನುವುದು ಅವನ ಕ್ರಮ. ಕೇಳಿಸದೆ ಅಲ್ಲ. ಎರಡನೆಯ ಸಲ ಹೇಳಿದ್ದನ್ನು ಕಿವಿಯೊಳಗೆ ಮಡಚಿ ಇಟ್ಟುಕೊಳ್ಳುತ್ತಾನೆ. ಆಮೇಲೆ ಆ ಮನುಷ್ಯ ಬಾಯಿ ತುಂಬ ತಿಂಡಿ ಇಟ್ಟುಕೊಂಡು ಫೋನ್ ಮಾಡಿದರೂ ಹಲೋ ಮುಗಿಯುವುದರೊಳಗೆ ಹೆಸರು ಹಿಡಿದು ಕರೆಯುತ್ತಾನೆ.

ಅವಳೂ ಅವನಿಗೆ ಸಿಕ್ಕಿದ್ದು ಹಾಗೆಯೇ. ಅವಳ ಅಮ್ಮ ಆ ಆಸ್ಪತ್ರೆಯಲ್ಲಿ ಮಲಗಿದ್ದಾಗ ವಾರ್ಡಿಗೆ ಫೋನ್ ಕೊಡಿ ಎಂದು ಕೇಳಿದ್ದಳು. ಅವನು "ಇನ್ನೊಂದ್ಸಲ ಹೇಳಿ" ಅಂದ. "ಮೊದಲನೇ ಸಲಾನೇ ಗಮನ ಇಟ್ಟು ಕೇಳಿಸ್ಕೋಬೇಕು," ಎಂದು ಅವಳು ಒಂದನೇ ಕ್ಲಾಸಿನ ಮಗುವಿಗೆ ಗದರುವ ಹಾಗೆ ಗದರಿದಳು. ಆ ಗದರಿಕೆಗೇ ತಾನು ಬಿದ್ದುಹೋದೆ ಎಂದು ಮದುವೆಯಾದ ಮೇಲೆ ಅವನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಈಗ ಆ ಗದರಿಕೆ ಹೋಗಿ ಮರಳು ಬಂದಿದೆ. ಲಿಫ್ಟಿನ ಮುಂದೆ ನಿಂತವಳು ಲಿಫ್ಟ್ ಬರುವ ಮೊದಲೇ ಹೊರಟುಬಿಟ್ಟಳು. ಮುಂಬಾಗಿಲಿಂದ ಹೋದರೆ ಅವನಿಗೆ ಅವಳ ಹೆಜ್ಜೆ ಗೊತ್ತಾಗುತ್ತದೆ. ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಔಷಧಿ ಹೊತ್ತು ಬರುತ್ತಿದ್ದ ಆಸ್ಪತ್ರೆಯ ರೋಬೋಗೆ ದಾರಿ ಬಿಟ್ಟು, ಹಿಂದಿನ ಮೆಟ್ಟಿಲಿಂದ ಕಳ್ಳಿಯ ಹಾಗೆ ಇಳಿದು ಹೋದಳು. ವಾಚ್‌ಮನ್ ಸಲಾಂ ಹೊಡೆದ. ಅವನಿಗೂ ತಲೆಯನ್ನೇ ಆಡಿಸಿದಳು.

ಅವಳ ಗಂಟಲು ಕೆಟ್ಟದ್ದು ಪಾಠ ಹೇಳಿ ಹೇಳಿ. ಅವಳ ಕ್ಲಾಸ್‌ರೂಮಿನ ಗೋಡೆಯ ಆಚೆ ಮರಗೆಲಸದ ಕಾರ್ಖಾನೆ. ದಿನವಿಡೀ ಗರಗಸ ಚೀರುತ್ತದೆ. ಗರಗಸಕ್ಕಿಂತ ಒಂದು ಪಟ್ಟು ಜೋರಾಗಿ ಮಕ್ಕಳು, ಮಕ್ಕಳಿಗಿಂತ ಒಂದು ಪಟ್ಟು ಜೋರಾಗಿ ಅವಳು. ವರ್ಷಾನುಗಟ್ಟಲೆ ಹೀಗೆ ನಡೆದರೆ ಗಂಟಲು ತಾನೇ ಏನು ಮಾಡೀತು. ಗಂಟು ಕಟ್ಟಿತು. ತೆಗೆಯಬೇಕು, ತೆಗೆದರೆ ಧ್ವನಿ ಹೋಗುತ್ತದೆ, ತೆಗೆಯದಿದ್ದರೆ ಇನ್ನೂ ಏನೇನೋ ಹೋಗುತ್ತದೆ ಅಂದಿದ್ದರು ಡಾಕ್ಟರು. ಮನೆಗೆ ಬಂದು ಗಂಡನಿಗೆ, "ಒಂದು ಸಣ್ಣ ಗಂಟಂತೆ, ತೆಗೆದ್ರೆ ಆಯ್ತಂತೆ, ಸ್ವಲ್ಪ ದಿನ ಮಾತಾಡ್ಬಾರದಂತೆ," ಅಂದಳು. ಅಂತೆಗಳನ್ನು ಅಷ್ಟಕ್ಕೇ ನಿಲ್ಲಿಸಿದಳು. ಇನ್ನೊಂದು ಅಂತೆ ಹೊಟ್ಟೆಯಲ್ಲೇ ಉಳಿಯಿತು.

ಒಂದನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಓದಲು ಬರುವುದಿಲ್ಲ. ಅದಕ್ಕೇ ಹೆಡ್‌ಮಿಸ್ಟ್ರೆಸ್ ಶಾಲೆಯ ಎರಡು ರೋಬೋಗಳಲ್ಲಿ ಒಂದನ್ನು ಅವಳಿಗೆ ಕೊಟ್ಟರು. ಇನ್ನೊಂದು ಆಫೀಸಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಸ್ವಾಗತ ಹೇಳುತ್ತಿತ್ತು, ಹೋಗುವವರಿಗೂ ಸ್ವಾಗತವನ್ನೇ ಹೇಳುತ್ತಿತ್ತು. ಅವಳ ಪಾಲಿಗೆ ಬಂದದ್ದು ಮೊಣಕಾಲೆತ್ತರದ್ದು. ದುಂಡು ತಲೆ, ಎರಡು ತೋಳು, ಕಾಲಿನ ಜಾಗದಲ್ಲಿ ಚಕ್ರ. ಎದೆಯ ಮೇಲೆ ಉಬ್ಬಿದ ಬಟನ್ನುಗಳು: ಸೂರ್ಯ, ಚಂದ್ರ, ಎಲೆ, ಮೀನು, ನಕ್ಷತ್ರ, ಹೂವು. ಟ್ಯಾಬಿನ ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಯಾವ ಬಟನ್ನಿಗೆ ಏನು ಮಾಡಬೇಕೆಂದು ಅದು ಕಲಿಯುತ್ತದೆ. ಮಾತು ತುಂಬುವುದು ಇನ್ನೂ ಸುಲಭ. ಬಟನ್ನನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಆಡುತ್ತದೆ. ಒತ್ತಿ ಹಿಡಿದರೆ ಎದುರಿನವರು ಆಡಿದ್ದನ್ನು ಕೇಳಿ ಇಟ್ಟುಕೊಂಡು, ಬೆರಳೆತ್ತಿದಾಗ ಕುಂಯ್ ಅನ್ನುತ್ತದೆ. ಹೊಸದು ಬಂದರೆ ಹಳೆಯದು ಹೋಯಿತು. ಎರಡನ್ನೂ ಇಟ್ಟುಕೊಳ್ಳುವಷ್ಟು ತಲೆ ಅದಕ್ಕಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ಅವಳು ಮಲಗುವ ಕೋಣೆಯಲ್ಲಿ ಅದನ್ನು ಎದುರಿಗೆ ಕೂರಿಸಿಕೊಂಡು ತನ್ನ ಧ್ವನಿ ತುಂಬಿದಳು. ಸೂರ್ಯನಿಗೆ, "ಎಲ್ಲರೂ ಎದ್ದು ನಿಂತ್ಕೊಳ್ಳಿ." ಎಲೆಗೆ, "ಪುಸ್ತಕ ತೆಗೀರಿ." ಮೀನಿಗೆ, "ಬೆರಳು ಬಾಯಿಂದ ತೆಗೀರಿ." ನಕ್ಷತ್ರಕ್ಕೆ, "ಯಾರದು ಸದ್ದು?" ಹೂವಿಗೆ, "ಭೇಷ್." ಕೊನೆಗೆ ಚಂದ್ರನಿಗೆ, ಕಥೆಯ ಹೊತ್ತಿಗೆ ಮಕ್ಕಳನ್ನು ಮೇಜಿನ ಸುತ್ತ ಕರೆಯುವಾಗ ಅನ್ನುತ್ತಿದ್ದ ಮಾತು: "ಬನ್ನಿ, ಹತ್ತಿರ ಬನ್ನಿ." ಚಂದ್ರನನ್ನು ಒತ್ತಿದಾಗ ರೋಬೋ ಕೋಣೆಯ ನಡುವಿಗೆ ಉರುಳಿ ಹೋಗಿ ಎರಡೂ ತೋಳು ಚಾಚಬೇಕು, ಎದೆಯಲ್ಲಿ ಹಳದಿ ದೀಪ ಹತ್ತಬೇಕು ಎಂದೂ ಜೋಡಿಸಿದಳು.

"ಮುಗೀತಾ?" ಎಂದು ಗಂಡ ಹೊರಗಿನ ಕೋಣೆಯಿಂದ ಕೇಳಿದ್ದ.

"ಮುಗೀತು ಅಂತಿಟ್ಕೊಳ್ಳಿ."

"ಎಲ್ಲಾ ಮಕ್ಕಳಿಗೇನಾ?"

"ಇನ್ಯಾರಿಗೆ?"

ಅವಳಿಗೆ ಹೊಳೆಯಲಿಲ್ಲ ಎಂದಲ್ಲ, ಹೊಳೆಯಿತು. ಅವನಿಗೂ ಒಂದು ಮಾತು ಇಡಬಹುದಿತ್ತು. ಆದರೆ ಇಟ್ಟರೆ ಯಾಕೆ ಅನ್ನುತ್ತಾನೆ. ಸ್ವಲ್ಪ ದಿನಕ್ಕೆ ಸುಮ್ಮನಿರುವವಳು ಗಂಡನಿಗಾಗಿ ಧ್ವನಿ ಕೂಡಿಡುತ್ತಾಳೆಯೇ. ಹಳೆಯ ಧ್ವನಿಯ ಕೊನೆಯ ಸಂಜೆ ಹೀಗೆ ಬೆರಳು, ಬಾಯಿ, ಪುಸ್ತಕಗಳಿಗೆ ಖರ್ಚಾಗಿ ಹೋಯಿತು. ಟೀಚರಲ್ಲದ ಬೇರೆ ಯಾರಿಗೂ ಇಂಥ ಬುದ್ಧಿ ಬರಲಿಕ್ಕಿಲ್ಲ.

ಆಪರೇಷನ್ ಆದ ಮೇಲೆ ಮನೆಯಲ್ಲಿ ಮೇಜು ತಟ್ಟುವ ಭಾಷೆ ಶುರುವಾಯಿತು. ಒಂದು ಸಲ ತಟ್ಟಿದರೆ ಹೂಂ, ಎರಡು ಸಲ ತಟ್ಟಿದರೆ ಊಹೂಂ. ಟೈಪ್ ಮಾಡಿದ್ದನ್ನು ರೋಬೋ ತನ್ನ ಸ್ವಂತ ಧ್ವನಿಯಲ್ಲಿ ಓದಬಲ್ಲದು. ಅವಳು ಒಂದು ದಿನ ಅದನ್ನೂ ಪ್ರಯತ್ನಿಸಿದಳು. "ಈ ಹೆಂಗಸನ್ನ ಯಾರು ಒಳಗೆ ಬಿಟ್ರು?" ಎಂದು ಅವನು ಮುಖ ಕಿವುಚಿದ. ಅಲ್ಲಿಗೆ ಅದು ಮುಗಿಯಿತು. ಇನ್ನೊಂದು ದಿನ ಮೇಜು ಒರೆಸುವಾಗ ಅವಳ ಕೈ ತಾಗಿ ಮೀನು ಒತ್ತಿಹೋಯಿತು. "ಬೆರಳು ಬಾಯಿಂದ ತೆಗೀರಿ" ಎಂದು ಗದರಿಕೆ ಬಂದದ್ದೇ, ಊಟಕ್ಕೆ ಕೂತಿದ್ದ ಅವನು ಬೆರಳು ಚೀಪುವುದನ್ನು ನಿಲ್ಲಿಸಿ ನೆಟ್ಟಗೆ ಕೂತುಬಿಟ್ಟ. ಅವನು ನಕ್ಕ, ಅವಳು ಸದ್ದಿಲ್ಲದೆ ನಕ್ಕಳು. ನಗು ಮುಗಿದ ಮೇಲೂ ಅವನ ಮುಖ ಆ ಯಂತ್ರದ ಕಡೆಗೇ ತಿರುಗಿತ್ತು, ಅವಳು ಕೂತಿದ್ದ ಕಡೆಗಲ್ಲ. ತನ್ನ ಧ್ವನಿಯ ಮೇಲೆ ತನಗೇ ಹೊಟ್ಟೆಕಿಚ್ಚು.

ಅದಕ್ಕಿಂತ ಕಷ್ಟವಾದದ್ದು ಗೋಡೆ. ಮೊದಲೆಲ್ಲ ಅವಳು ಮನೆಯ ಯಾವ ಮೂಲೆಯಲ್ಲಿ ಮಾತಾಡುತ್ತಿದ್ದರೂ ಅವನು ಕೋಣೆಯ ನಡುವಿನಿಂದ ನೆಟ್ಟಗೆ ನಡೆದು ಬರುತ್ತಿದ್ದ. ಸ್ಟೂಲು ಎಲ್ಲಿದೆ, ಬಕೆಟ್ಟು ಎಲ್ಲಿದೆ ಎಂದು ಅವಳು ಮಾತಿನ ನಡುವೆಯೇ ಹೇಳುತ್ತಿದ್ದಳು, ಅವನು ಮಾತಿನ ನಡುವೆಯೇ ತಪ್ಪಿಸಿಕೊಳ್ಳುತ್ತಿದ್ದ. ಅವಳ ಮಾತು ನಿಂತ ಮೇಲೆ ಗೋಡೆಗೆ ಬೆರಳು ತಾಗಿಸಿಕೊಂಡು, ಕೋಣೆಯ ಅಂಚಿಗೇ ನಡೆಯತೊಡಗಿದ, ಬೇರೆ ಯಾರದೋ ಮನೆಗೆ ಬಂದವನ ಹಾಗೆ. ಬೆಳ್ಳಗಿದ್ದ ಗೋಡೆಯ ಮೇಲೆ ಅವನ ಬೆರಳಿನ ಎತ್ತರಕ್ಕೆ ಒಂದು ಮಾಸಲು ಗೆರೆ ಮೂಡುತ್ತಿತ್ತು. ಅವಳು ಅದನ್ನು ಒರೆಸುವಳು, ಮತ್ತೆ ಮೂಡುವುದು.

ಇವತ್ತು ಬೆಳಿಗ್ಗೆ ಅವನು ವಿಚಿತ್ರವಾಗಿದ್ದ. ಕಾಫಿ ಅರ್ಧಕ್ಕೇ ಬಿಟ್ಟು, "ಇವತ್ತು ಚಿಕ್ಕ ಮಿಸ್‌ನ ಕರ್ಕೊಂಡು ಹೋಗ್ಲೇಬೇಕಾ?" ಎಂದಿದ್ದ. ಚಿಕ್ಕ ಮಿಸ್ ಎಂದು ಹೆಸರಿಟ್ಟದ್ದು ಮಕ್ಕಳು. ಮಿಸ್‌ನ ಧ್ವನಿಯಲ್ಲಿ ಗದರುವ ಪುಟ್ಟದು ಇನ್ನೇನಾಗಲು ಸಾಧ್ಯ. ಅವಳು ಮೇಜು ಒಂದು ಸಲ ತಟ್ಟಿದಳು. "ಒಂದಿನ ಬಿಟ್ಟು ಹೋಗು. ಹೇಗೂ ಡಾಕ್ಟರ್ ಹತ್ರ ಹೋಗ್ತಿದ್ದೀಯಲ್ಲ," ಎಂದ. ಅವಳು ಎರಡು ಸಲ, ಸ್ವಲ್ಪ ಜೋರಾಗಿಯೇ ತಟ್ಟಿದಳು. ಇನ್ನೇನೋ ಹೇಳಲು ಬಾಯಿ ತೆರೆದವನು ಕೋಲು ತೆಗೆದುಕೊಂಡು ಹೊರಟುಬಿಟ್ಟ.

ಶಾಲೆ ತಲುಪುವ ಹೊತ್ತಿಗೆ ಊಟದ ಬಿಡುವು ಮುಗಿದಿತ್ತು. ಅಷ್ಟು ಹೊತ್ತು ಕ್ಲಾಸ್ ನೋಡಿಕೊಂಡಿದ್ದ ಡ್ರಾಯಿಂಗ್ ಮೇಷ್ಟ್ರು, "ಏನಂದ್ರು ಡಾಕ್ಟ್ರು?" ಎಂದರು. ಅವಳು ಕೈಯಲ್ಲೇ ಪರವಾಗಿಲ್ಲ ಎಂಬಂತೆ ಸನ್ನೆ ಮಾಡಿದಳು. ಮಾತಾಡಬಹುದಿತ್ತು. ಗರಗಸದ ಸದ್ದಿನಲ್ಲಿ ಯಾರಿಗೂ ಸರಿಯಾಗಿ ಕೇಳುತ್ತಲೂ ಇರಲಿಲ್ಲ. ಆದರೆ ಮೊದಲ ಮಾತು ಡ್ರಾಯಿಂಗ್ ಮೇಷ್ಟ್ರಿಗೆ ಹೋಗುವುದು ಅವಳಿಗೆ ಬೇಕಿರಲಿಲ್ಲ. ಯಾರಿಗೆ ಹೋಗಬೇಕೋ ಅವನಿಗೆ ಕೊಡಲು ಧೈರ್ಯ ಇರಲಿಲ್ಲ.

ಚೀಲದಿಂದ ಚಿಕ್ಕ ಮಿಸ್‌ನ ಎತ್ತಿ ನೆಲಕ್ಕಿಟ್ಟಳು. ಸೂರ್ಯನಿಗೆ ಮಕ್ಕಳು ಎದ್ದರು. ಎಲೆಗೆ ಪುಸ್ತಕ ತೆಗೆದರು. ಎಲ್ಲವೂ ಎಂದಿನ ಹಾಗೇ ನಡೆಯಿತು. ಅವಳೊಬ್ಬಳು ಮಾತ್ರ ಬೆಂಚುಗಳ ನಡುವೆ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಸುತ್ತುತ್ತಿದ್ದಳು. ಸಂಜೆ ಅವನು ಬರುತ್ತಾನೆ, ಡಾಕ್ಟರ್ ಏನಂದ್ರು ಅನ್ನುತ್ತಾನೆ. ಇನ್ನೂ ಕೆಲವು ದಿನ ಸುಮ್ಮನಿರಬೇಕಂತೆ ಎಂದು ಸುಳ್ಳು ತಟ್ಟಿದರೆ? ಎಷ್ಟು ದಿನ ತಟ್ಟುವುದು? ಸೀಮೆಸುಣ್ಣ ಬೆರಳಲ್ಲೇ ಮುರಿಯಿತು. ಇನ್ನೊಂದು ತೆಗೆದುಕೊಂಡಳು, ಅದೂ ಮುರಿಯಿತು.

"ಮಿಸ್, ಕಥೆ," ಎಂದಳು ಮುಂದಿನ ಬೆಂಚಿನ ಹುಡುಗಿ. ಎಲ್ಲದಕ್ಕೂ ವಾದ ಹೂಡುವ ಆ ಹುಡುಗಿಗೆ ಟೀಚರು ಮನಸ್ಸಿನಲ್ಲೇ ವಕೀಲಮ್ಮ ಎಂದು ಹೆಸರಿಟ್ಟಿದ್ದಳು.

ಅವಳು ಚಂದ್ರನನ್ನು ಒತ್ತಿದಳು.

ಚಿಕ್ಕ ಮಿಸ್ ಕೋಣೆಯ ನಡುವಿಗೆ ಉರುಳಿ ಹೋಗಿ ನಿಂತಿತು. ಎರಡೂ ತೋಳು ಚಾಚಿತು. ಹಳದಿ ದೀಪ ಹತ್ತಿತು. ಒಂದು ಕುರ್ಚಿ ಕಿರುಗುಟ್ಟಿದ ಸದ್ದು ಬಂತು. ಆಮೇಲೆ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡ.

"ಬಂದೆ ಕಣೇ. ಎಲ್ಲಿಗೆ ಬರ್ಲಿ? ಎಲ್ಲಿದ್ದೀಯ ನೀನು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಕ್ಕಳಿಗೆ ಇಷ್ಟೆಲ್ಲ ಮಾತು ಇಟ್ಟಿದ್ದೀಯ. ನಂಗೊಂದು ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅಲ್ಲಿಗೆ ಕ್ಲಾಸಿಗೆ ಕ್ಲಾಸೇ ನಗೆಯಲ್ಲಿ ಬಿದ್ದಿತು. "ಚಿಕ್ಕ ಮಿಸ್‌ಗೆ ಮೀಸೆ ಬಂದಿದೆ," ಅಂದ ಒಬ್ಬ. "ಅದು ಮಾಮನ ಧ್ವನಿ ಕಣೋ," ಎಂದಳು ವಕೀಲಮ್ಮ, ಯಾವ ಮಾಮ ಎಂದು ಗೊತ್ತಿಲ್ಲದೆಯೂ. ಯಂತ್ರ ಇನ್ನೂ ಮಾತಾಡುತ್ತಿತ್ತು, ಗರಗಸ ಮತ್ತು ನಗುವಿನ ನಡುವೆ ಒಂದು ಪದವೂ ತಿಳಿಯಲಿಲ್ಲ. ನಿಲ್ಲಿಸಬೇಕೆಂದು ಟೀಚರಿಗೆ ಹೊಳೆಯಲಿಲ್ಲ. ತನ್ನ ಮನೆಯ ಹೊರಗಿನ ಕೋಣೆಯೇ ಗೋಡೆ ಕಳಚಿಕೊಂಡು ಇಲ್ಲಿ ಬಂದು ಕೂತಂತಿತ್ತು. ಮುಖ ಬಿಸಿಯಾಯಿತು. ನಾಚಿಕೆಯೋ, ಸಿಟ್ಟೋ, ಅದಕ್ಕೂ ಕೆಳಗಿನದು ಏನೋ.

ಅಷ್ಟರಲ್ಲಿ ಮಕ್ಕಳು ಎದ್ದು ಬರತೊಡಗಿದ್ದರು. ಚಂದ್ರನ ದೀಪ ಹತ್ತಿದೆ, ಚಿಕ್ಕ ಮಿಸ್ ತೋಳು ಚಾಚಿದೆ, ಅಂದ ಮೇಲೆ ಹತ್ತಿರ ಹೋಗಬೇಕು. ಯಾರ ಧ್ವನಿಯಾದರೇನು. ನಗುತ್ತಲೇ ತಳ್ಳಾಡಿಕೊಂಡು ಬಂದು ಅವಳ ಕುರ್ಚಿಯ ಸುತ್ತ ಒತ್ತೊತ್ತಾಗಿ ಕೂತರು. ಒಬ್ಬಳು ಅವಳ ಮೊಣಕಾಲಿಗೆ ಒರಗಿದಳು. ಅವಳು ಚಿತ್ರದ ಪುಸ್ತಕ ಬಿಚ್ಚಿ ಹಿಡಿದಳು. ಚಿತ್ರ ನೋಡಿ ಕಥೆ ಕಟ್ಟುವುದು ಮಕ್ಕಳ ಕೆಲಸ. ಅವಳು ಪುಟ ತಿರುವುವುದನ್ನು ಮರೆತದ್ದರಿಂದ ಆ ದಿನದ ಆನೆ ಕೊನೆಯವರೆಗೂ ಒಂದೇ ಮರದ ಕೆಳಗೆ ನಿಂತಿತ್ತು.

ಶಾಲೆ ಬಿಟ್ಟ ಮೇಲೆ ಅವಳು ಬಾಗಿಲು ಮುಂದೆ ಮಾಡಿದಳು. ಕಾರ್ಖಾನೆಯಲ್ಲಿ ಟೀ ಹೊತ್ತು, ಗರಗಸ ನಿಂತಿತ್ತು. ಚಿಕ್ಕ ಮಿಸ್‌ನ ಉರುಳದ ಹಾಗೆ ಮಡಿಲಲ್ಲಿ ಹಿಡಿದು, ಬೆರಳು ತಪ್ಪಿ ಒತ್ತಿಹಿಡಿಯುವ ಹಾಗಾಗದಿರಲಿ ಎಂದು ಬಿಸಿ ಪಾತ್ರೆ ಮುಟ್ಟುವವಳಂತೆ ಚಂದ್ರನನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಕುರ್ಚಿ ಕಿರುಗುಟ್ಟಿತು. ಗಂಡ ಮತ್ತೆ ಬಂದ. ಎಲ್ಲಿದ್ದೀಯ ಅಂದ, ಗಂಟೇನು ಹೋಗ್ತಿತ್ತು ಅಂದ. ಆಮೇಲೆ ಮಕ್ಕಳ ನಗೆಯಲ್ಲಿ ಮುಳುಗಿಹೋಗಿದ್ದದ್ದು ಕೇಳಿಸಿತು.

"ಧ್ವನಿ ಮೊದಲಿನ ಹಾಗೆ ಬರಲ್ಲ ಅಂತ ನಂಗೊತ್ತಿಲ್ವಾ? ಆಪರೇಷನ್‌ಗೆ ಮುಂಚೆನೇ ಗೊತ್ತಿತ್ತು. ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ." ಕುರ್ಚಿ ಮತ್ತೆ ಕಿರುಗುಟ್ಟಿತು. "ಆ ಸಂಜೆ ಪೂರ್ತಿ ಬಾಗಿಲ ಹತ್ರಾನೇ ಕೂತಿದ್ದೆ. ಕರೀತೀಯ ಅಂತ."

ಕುಂಯ್ ಎಂದು ಸದ್ದಾಗಿ ದೀಪ ಆರಿತು. ಚಿಕ್ಕ ಮಿಸ್ ಚಾಚಿದ ತೋಳುಗಳನ್ನು ಇಳಿಸಿಕೊಂಡಿತು.

ಅವಳಿಗೆ ಎಲ್ಲ ತಿಳಿಯಿತು. ಅವಳು ಟೆರೇಸಿನ ಮೇಲೆ ಬಟ್ಟೆ ತೆಗೆಯಲು ಹೋದಾಗ, ಸ್ನಾನಕ್ಕೆ ಹೋದಾಗ, ಅವನು ಇದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆರಳಲ್ಲಿ ಚಂದ್ರನನ್ನು ಹುಡುಕುತ್ತಿದ್ದ. ಇದ್ದ ಅಷ್ಟೂ ಮಾತಿನಲ್ಲಿ ಗಂಡನೊಬ್ಬ ತನಗೆಂದು ಎತ್ತಿಟ್ಟುಕೊಳ್ಳಬಹುದಾದದ್ದು ಆ "ಹತ್ತಿರ ಬನ್ನಿ" ಒಂದೇ. ನಿನ್ನೆ ಬೆರಳು ಎತ್ತುವುದನ್ನು ಮರೆತಿದ್ದಾನೆ. ತನಗೆ ಉಳಿದಿದ್ದ ಒಂದೇ ಮಾತನ್ನು ತಾನೇ ಅಳಿಸಿದ್ದಾನೆ. ಬೆಳಿಗ್ಗೆಯ ಅರ್ಧ ಕಾಫಿ ಅದಕ್ಕೆ. ಅವಳಿಗೆ ಅಳು ಬಂತು. ಅತ್ತರೆ ಗಂಟಲಿಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಸಿಟ್ಟೂ ಬಂತು. ಅಳಲೂ ಅಪ್ಪಣೆ ಕೇಳಬೇಕಾದ ಬಾಳು.

ಮನೆಗೆ ಬಂದವಳಿಗೆ ಒಂದು ಕಡೆ ನಿಲ್ಲಲು ಆಗಲಿಲ್ಲ. ತೊಳೆದಿಟ್ಟಿದ್ದ ಲೋಟವನ್ನು ಮತ್ತೆ ತೊಳೆದಳು. ಕಿಟಕಿ ತೆರೆದಳು, ರಸ್ತೆಯ ಸದ್ದು ಬಂತೆಂದು ಮುಚ್ಚಿದಳು, ಸೆಕೆಯೆಂದು ಮತ್ತೆ ತೆರೆದಳು. ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಕನ್ನಡಿಯ ಎದುರು ನಿಂತು "ರೀ" ಅಂದು ನೋಡಿದಳು. ಕನ್ನಡಿಯಲ್ಲಿದ್ದವಳ ಬಾಯಿ ಆಡಿತು, ಧ್ವನಿ ಇನ್ಯಾರದೋ ಬಂತು. ನಲ್ಲಿ ನಿಲ್ಲಿಸಿ ಹೊರಗೆ ಬಂದಳು. ಚಿಕ್ಕ ಮಿಸ್‌ನ ಊಟದ ಮೇಜಿನ ಮೇಲಿಟ್ಟಳು, ಅಲ್ಲಿ ಬೇಡವೆಂದು ಕುರ್ಚಿಯ ಮೇಲಿಟ್ಟಳು.

ಬಾಗಿಲಲ್ಲಿ ಕೀಲಿ ತಿರುಗಿತು. ಅವನು ಕೋಲನ್ನು ಮೂಲೆಗೆ ಒರಗಿಸಿ, ಚಪ್ಪಲಿ ಬಿಟ್ಟು, ದಿನವೂ ಕೇಳುವ ಹಾಗೆ, "ಇದ್ದೀಯಾ?" ಅಂದ.

ಅವಳ ಕೈ ಮೇಜಿನ ಕಡೆ ಹೋಗಿ ಅರ್ಧದಲ್ಲೇ ನಿಂತಿತು.

"ಇದ್ದೀಯಾ?"

ಅವನು ಗೋಡೆಗೆ ಬೆರಳು ತಾಗಿಸಿಕೊಂಡು ನಾಲ್ಕು ಹೆಜ್ಜೆ ಬಂದ. ಮೊಳೆಗೆ ನೇತುಹಾಕಿದ್ದ ಅವಳ ಚೀಲ ಕೈಗೆ ಸಿಕ್ಕಿತು. ಅದನ್ನು ಮೇಲಿಂದ ಕೆಳಕ್ಕೆ ಸವರಿ ನೋಡಿದ. ಖಾಲಿ.

"ಇದ್ದೀಯ ನೀನು. ಕೋಪದಲ್ಲಿ ಇದ್ದೀಯ," ಅಂದ. "ಚಂದ್ರನ್ನ ಒತ್ತಿದ್ಯಾ ಕ್ಲಾಸಲ್ಲಿ?"

ಅವಳು ಕುರ್ಚಿಯ ಮೇಲಿದ್ದ ಚಿಕ್ಕ ಮಿಸ್‌ನ ನೋಡಿದಳು.

"ಮಕ್ಕಳ ಮುಂದೆ ಮಾನ ಹೋಯ್ತಾ? ಬೆಳಿಗ್ಗೆನೇ ಹೇಳೋಣ ಅಂದ್ಕೊಂಡೆ. ಬಾಯಿ ಬರ್ಲಿಲ್ಲ. ಬೇಕಂತ ಮಾಡಿದ್ದಲ್ಲ ಕಣೇ. ದಿನಾ ಒತ್ತಿ ಒತ್ತಿ, ಮಾತಾಡ್ತಾ ಕೂತು, ಬೆರಳು ಅಲ್ಲೇ ಉಳಿದುಹೋಯ್ತು. ಕುಂಯ್ ಅಂದಿದ್ದು ಕೇಳಿಸ್ತು, ಅಷ್ಟರಲ್ಲಿ ಎಲ್ಲಾ ಆಗ್ಹೋಗಿತ್ತು." ಅವನ ಕೈ ಗೋಡೆಯ ಮೇಲಿನ ಮಾಸಲು ಗೆರೆಯ ಮೇಲೆ ಹಿಂದೆ ಮುಂದೆ ಓಡಾಡುತ್ತಿತ್ತು. "ನಿನ್ನ ಡಾಕ್ಟ್ರೇ ಹೇಳಿದ್ದು. ನಂಗಲ್ಲ. ಮಾತು ಕಲಿಸೋರಿಗೆ ಲೈನ್ ಕೊಡಿ ಅಂದ್ರು, ಲೈನ್ ಸಿಗೋವರೆಗೂ ಪಕ್ಕದಲ್ಲಿದ್ದೋರ ಹತ್ರ ಅಂತಿದ್ರು, ಒಂದನೇ ಕ್ಲಾಸ್ ಟೀಚರ್ ಒಬ್ರು, ಪಾಪ, ಹಳೇ ಧ್ವನಿ ಬರಲ್ಲ ಅಂತ. ನನ್ನ ಹೆಂಡ್ತಿ ಅಂತ ಅವರಿಗೇನು ಗೊತ್ತು. ಲೈನ್ ಕೊಟ್ಟೆ. ನನ್ನ ಕೆಲಸ ಅದು."

ರಸ್ತೆಯಲ್ಲಿ ಯಾವುದೋ ಗಾಡಿ ಹೋಯಿತು. ಅದು ಹೋಗುವವರೆಗೂ ಅವನು ಕಾದ.

"ಇವತ್ತು ನೀನು ಹಿಂದಿನ ಮೆಟ್ಟಿಲು ಇಳಿದು ಹೋದೆಯಂತೆ. ವಾಚ್‌ಮನ್ ಹೇಳಿದ. ನಾನು ಊಟಕ್ಕೂ ಏಳ್ದೆ ಕೂತಿದ್ದೆ. ಡಾಕ್ಟ್ರು ಏನಂದ್ರು? ಮಾತಾಡು ಅಂದ್ರಾ, ಇನ್ನೂ ಬೇಡ ಅಂದ್ರಾ? ತಟ್ಟು. ಒಂದೋ ಎರಡೋ, ಏನಾದ್ರೂ ತಟ್ಟು. ಸುಮ್ನಿರ್ಬೇಡ. ನೀನು ಸುಮ್ನಿದ್ರೆ ಮನೇಲಿ ನಾನೊಬ್ನೇ ಇದ್ದ ಹಾಗಿರತ್ತೆ."

"ರೀ," ಅಂದಳು.

ಅವನ ಕೈ ಗೋಡೆಯ ಮೇಲೆ ನಿಂತಿತು. ತಲೆ ಒಂದಿಷ್ಟು ಬಲಕ್ಕೆ ವಾಲಿತು, ಹೆಡ್‌ಫೋನ್ ಇದ್ದಾಗ ವಾಲುವ ಹಾಗೆ. ಮುಖದಲ್ಲಿ ಏನೂ ಇರಲಿಲ್ಲ. ಕಣ್ಣಿರುವವರ ಮುಖ ಕಣ್ಣಿನಲ್ಲೇ ಬಯಲಾಗಿಬಿಡುತ್ತದೆ, ಅವನದು ಹಾಗಲ್ಲ. ಅವಳು ಅಷ್ಟು ವರ್ಷ ಅದನ್ನು ಓದಲು ಕಲಿತಿದ್ದಳು, ಈಗ ಒಂದಕ್ಷರವೂ ಹತ್ತಲಿಲ್ಲ.

"ಇನ್ನೊಂದ್ಸಲ ಹೇಳಿ," ಅಂದ.

ಕೆಲಸದ ಕೋಣೆಯ ದನಿ. ಹೊಸಬರಿಗೆ ಅನ್ನುವ ಹಾಗೆ. ಬಹುವಚನ ಬಾಯಿಂದ ಜಾರಿದ್ದು ಅವನಿಗೂ ತಿಳಿಯಿತು, ತುಟಿ ಕಚ್ಚಿಕೊಂಡ. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಕುರ್ಚಿಯ ಮೇಲೆ ಕೂತಿದ್ದ ಚಿಕ್ಕ ಮಿಸ್ ಅಲುಗಾಡಿತು. ಮೇಜು ತಟ್ಟಲು ಈಗಲೂ ಹೊತ್ತು ಮೀರಿರಲಿಲ್ಲ.

"ಬನ್ನಿ," ಅಂದಳು. ಪದ ನಡುವಲ್ಲೇ ಒಡೆಯಿತು. ನೀರು ಕುಡಿದವಳ ಹಾಗೆ ನುಂಗಿಕೊಂಡು ಮತ್ತೆ ಹೇಳಿದಳು. "ಬನ್ನಿ. ಹತ್ತಿರ ಬನ್ನಿ."

ಅವನು ಮತ್ತೆ ಹೇಳು ಅನ್ನಲಿಲ್ಲ. ಆದರೆ ಹೊರಡಲೂ ಇಲ್ಲ. ಬಾಗಿಲಿನ ಪಕ್ಕದಿಂದ ಅವಳು ನಿಂತಿದ್ದ ಜಾಗಕ್ಕೆ ಗೋಡೆ ಹಿಡಿದು ಬಂದರೆ ಕೋಣೆ ಪೂರ್ತಿ ಸುತ್ತಬೇಕು. ಅಡ್ಡ ಬಂದರೆ ಕೆಲವೇ ಹೆಜ್ಜೆ. ನಡುವೆ ಸ್ಟೂಲು ಇತ್ತು.

"ಸ್ಟೂಲು ಇದೆ," ಅಂದಳು ಆ ಒಡಕು ಧ್ವನಿಯಲ್ಲಿ. "ಎಡಕ್ಕೆ. ನಾನೇ ಇಟ್ಟಿದ್ದು, ಬಲ್ಬು ಒರೆಸೋಣ ಅಂತ. ಒರೆಸ್ಲಿಲ್ಲ. ಇವತ್ತು ಏನೂ ಮಾಡ್ಲಿಲ್ಲ ನಾನು. ಸೀಮೆಸುಣ್ಣ ಮುರಿದೆ, ಅಷ್ಟೇ."

ಅವನ ಬೆರಳು ಗೋಡೆಯಿಂದ ಎದ್ದಿತು. ಬರಿಗಾಳಿಯಲ್ಲಿ ಒಂದು ಕ್ಷಣ ನಿಂತು, ಕೈ ಮೆಲ್ಲಗೆ ಮೈ ಪಕ್ಕಕ್ಕೆ ಇಳಿಯಿತು. ಅವನು ಕೋಣೆಯ ನಡುವಿಗೆ ಒಂದು ಹೆಜ್ಜೆ ಇಟ್ಟ.

"ನಿಮ್ಮ ಧ್ವನಿ ಕೇಳಿ ಚಿಕ್ಕ ಮಿಸ್‌ಗೆ ಮೀಸೆ ಬಂದಿದೆ ಅಂದ ಒಬ್ಬ. ಎಲ್ಲರೂ ಎದ್ದು ಬಂದು ಕೂತ್ರು, ಗೊತ್ತಾ, ನೀವು ಕರೆದಿದ್ದಕ್ಕೇ..."

ಡಾಕ್ಟರು ಸ್ವಲ್ಪ ಸ್ವಲ್ಪ ಮಾತಾಡಿ ಅಂದಿದ್ದರು. ಅವನು ಸ್ಟೂಲನ್ನು ದಾಟಿದ, ಮೇಜಿನ ಅಂಚನ್ನು ದಾಟಿದ. ಅವನು ಬಂದು ಮುಟ್ಟುವವರೆಗೂ ಅವಳು ಮಾತು ನಿಲ್ಲಿಸಲಿಲ್ಲ.